ಸುಟ್ಟು ನೋಡಿ ಇಲ್ಲ ಅಂದರು

ಮಂಗಳ ಗ್ರಹದ ಮಣ್ಣಿನ ಬಗ್ಗೆ ಬರೀತೀನಿ ಅಂದಾಗ ಸಂಘಟನೆಯ ಗೆಳೆಯರೊಬ್ಬರು ನಕ್ಕುಬಿಟ್ಟರು. "ಕೇರಿಗೆ ಇನ್ನೂ ಸರಿಯಾಗಿ ನಲ್ಲಿ ಬಂದಿಲ್ಲ, ನಿಮಗೆ ಮಂಗಳದಲ್ಲಿ ನೀರು ಬೇಕಾಯ್ತಾ ಮೇಷ್ಟ್ರೇ?" ಅಂದರು. ಆ ನಗುವಿನಲ್ಲಿ ನ್ಯಾಯ ಇದೆ, ನಾನು ಅಲ್ಲಗಳೆಯೋದಿಲ್ಲ. ಆದರೆ ಅದರ ಹಿಂದೆ ಒಂದು ಸೋಲೂ ಇದೆ. ಆಕಾಶ ಅವರದು, ಚರಂಡಿ ನಮ್ಮದು ಅಂತ ನಾವೇ ಒಪ್ಪಿಕೊಂಡುಬಿಟ್ಟ ಸೋಲು. ಈ ಪಾಲುಪಟ್ಟಿ ಬರೆದವರು ಯಾರು? ಅದಕ್ಕೆ ನಾವು ಹೆಬ್ಬೆಟ್ಟು ಒತ್ತಿದ್ದು ಯಾವಾಗ?

ಮಂಗಳದ ನೆಲದಲ್ಲಿ ಜೀವಕ್ಕೆ ಬೇಕಾದ ರಸಾಯನವನ್ನು ಹುಡುಕುವ ಕೆಲಸ ಶುರುವಾಗಿ ಐವತ್ತು ವರ್ಷ ಆಗುತ್ತಾ ಬಂತು. ಆ ಐವತ್ತು ವರ್ಷದ ಕತೆಯಲ್ಲಿ ಒಂದು ದೊಡ್ಡ ತಪ್ಪಿದೆ. ಆ ತಪ್ಪು ನಮಗೆ, ಅಂದರೆ ಈ ಪತ್ರಿಕೆ ಓದುವ ಜನಕ್ಕೆ, ಹುಟ್ಟಿದಾಗಿನಿಂದ ಪರಿಚಯದ್ದು. ಅದಕ್ಕೇ ಬರೀತಿದ್ದೀನಿ.

1976ನೇ ಇಸವಿ. ಅಮೆರಿಕ ಕಳಿಸಿದ ವೈಕಿಂಗ್ 1 ಜುಲೈ 20ರಂದು ಮಂಗಳದ ಕ್ರೈಸೆ ಬಯಲಿನಲ್ಲಿ ಇಳಿಯಿತು. ಸೆಪ್ಟೆಂಬರ್ 3ರಂದು ವೈಕಿಂಗ್ 2, ಸಾವಿರಾರು ಮೈಲಿ ಆಚೆ, ಯುಟೋಪಿಯಾ ಬಯಲಿನಲ್ಲಿ. ಎರಡಕ್ಕೂ ಒಂದೊಂದು ಉದ್ದನೆಯ ಕೈ, ಕೈಗೊಂದು ಸೌಟು. ಮಣ್ಣನ್ನು ಬಾಚಿ ತನ್ನ ಹೊಟ್ಟೆಯೊಳಗಿನ ಪ್ರಯೋಗಶಾಲೆಗೆ ಹಾಕಿಕೊಳ್ಳುವ ಏರ್ಪಾಡು.

ಅಲ್ಲಿದ್ದ ಒಂದು ಪ್ರಯೋಗ ಗಿಲ್ಬರ್ಟ್ ಲೆವಿನ್ ಅನ್ನುವವರದು. ಯಾರು ಈ ಲೆವಿನ್? ನಕ್ಷತ್ರ ನೋಡುತ್ತಾ ಕೂತ ಪಂಡಿತನಲ್ಲ. ನೈರ್ಮಲ್ಯ ಇಂಜಿನಿಯರು. ಕುಡಿಯುವ ನೀರಿಗೆ ಹೊಲಸು ಸೇರಿದೆಯೋ ಇಲ್ಲವೋ ಅಂತ ಬೇಗ ಪತ್ತೆ ಮಾಡುವ ಉಪಾಯ ಹುಡುಕುತ್ತಿದ್ದವರು. ನೀರಿನ ರೋಗಾಣು ಹಿಡಿಯುವ ಆ ಉಪಾಯವೇ ಬೆಳೆದು ಮಂಗಳಕ್ಕೆ ಹೋಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ ಗೆಳೆಯರೇ. ಚರಂಡಿ ನೀರಿನ ಪರೀಕ್ಷೆಯೇ ಬೇರೆ ಗ್ರಹದ ಜೀವ ಹುಡುಕುವ ಪರೀಕ್ಷೆಯಾಯಿತು. ಚರಂಡಿಗೂ ಆಕಾಶಕ್ಕೂ ನಡುವೆ ಗೋಡೆ ಕಟ್ಟಿದವರು ನಾವು. ವಿಜ್ಞಾನ ಕಟ್ಟಿರಲಿಲ್ಲ.

ಲೆವಿನ್ ಮತ್ತು ಅವರ ಜೊತೆಗಾರ್ತಿ ಪೆಟ್ರೀಷಿಯಾ ಸ್ಟ್ರಾಟ್ ಮಾಡಿದ ಪ್ರಯೋಗ ಸರಳ. ಮಂಗಳದ ಮಣ್ಣಿಗೆ ಪೌಷ್ಟಿಕ ದ್ರವದ ಹನಿ ಬಿಡೋದು. ಆ ದ್ರವದಲ್ಲಿರುವ ಇಂಗಾಲ ವಿಕಿರಣ ಬೀರುವ ಜಾತಿಯದ್ದು, ಇಂಗಾಲ-14. ಮಣ್ಣಲ್ಲಿ ಸೂಕ್ಷ್ಮಜೀವಿ ಇದ್ದರೆ ಅದನ್ನು ತಿನ್ನುತ್ತೆ, ತಿಂದಮೇಲೆ ಉಸಿರು ಬಿಡುತ್ತೆ. ಆ ಉಸಿರಿನಲ್ಲಿ ಗುರುತಿನ ಇಂಗಾಲ ಬರುತ್ತೆ. ಯಂತ್ರ ಅದನ್ನು ಎಣಿಸುತ್ತೆ. ಹನಿ ಬಿತ್ತು. ಅನಿಲ ಬಂತು. ಸರಿ, ಇದು ಜೀವದ್ದೋ ಬರೀ ರಸಾಯನದ್ದೋ? ಅದಕ್ಕೂ ಮೊದಲೇ ಒಂದು ತಾಳೆ ನೋಡುವ ಕ್ರಮ ಇಟ್ಟಿದ್ದರು. ಅದೇ ಮಣ್ಣನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಹುರಿದು ಮತ್ತೆ ಹನಿ ಬಿಟ್ಟರು. ಅನಿಲ ನಿಂತುಹೋಯಿತು. ಎರಡು ಕಡೆಯ ಮಣ್ಣೂ ಅನಿಲ ಬಿಟ್ಟಿತು. ಮೊದಲೇ ಒಪ್ಪಿಕೊಂಡ ಲೆಕ್ಕದ ಪ್ರಕಾರ ಇದು 'ಇದೆ' ಅನ್ನುವ ಉತ್ತರ.

ಆದರೆ ಅದೇ ಯಂತ್ರದಲ್ಲಿ ಇನ್ನೊಂದು ಒಲೆ ಇತ್ತು. ಕ್ಲಾಸ್ ಬೀಮನ್ ಅವರ ತಂಡದ್ದು. ಜೀವ ಇದ್ದರೆ ಅದರ ದೇಹ ಇರಬೇಕು, ದೇಹ ಅಂದರೆ ಇಂಗಾಲದ ಅಣುಗಳು. ಮಣ್ಣನ್ನು 500 ಡಿಗ್ರಿಯವರೆಗೂ ಕಾಯಿಸಿ, ಹೊರಬರುವ ಆವಿಯಲ್ಲಿ ಆ ಅಣುಗಳನ್ನು ಹುಡುಕಿದರು. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯಬಲ್ಲ ಯಂತ್ರ ಅದು. ಮಂಗಳದ್ದು ಅನ್ನುವಂಥ ಇಂಗಾಲದ ಅಣು ಒಂದೂ ಸಿಗಲಿಲ್ಲ. ದೇಹವೇ ಇಲ್ಲದ ಮೇಲೆ ಉಸಿರು ಎಲ್ಲಿಂದ? ತೀರ್ಪು ಬಂತು: ಇಲ್ಲ. ಲೆವಿನ್ ಒಪ್ಪಲಿಲ್ಲ. 2021ರಲ್ಲಿ ಸಾಯೋವರೆಗೂ ಒಪ್ಪಲಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ. ಆ ಒಲೆಯ ಆವಿಯಲ್ಲಿ ಕ್ಲೋರೋಮೀಥೇನ್, ಡೈಕ್ಲೋರೋಮೀಥೇನ್ ಅನ್ನುವ ಎರಡು ವಸ್ತು ಒಂಚೂರು ಕಂಡಿದ್ದವು. ಇಂಗಾಲಕ್ಕೆ ಕ್ಲೋರಿನ್ ಅಂಟಿಕೊಂಡ ಅಣುಗಳು. ಅದನ್ನು ಏನಂದರು? ಯಂತ್ರವನ್ನು ಭೂಮಿಯಲ್ಲಿ ತೊಳೆಯುವಾಗ ಬಳಸಿದ ದ್ರವದ ಅಂಟು, ನಮ್ಮದೇ ಕೊಳೆ, ಲೆಕ್ಕಕ್ಕೆ ತಗೋಬೇಡಿ ಅಂದರು. ಮೈಲಿಗೆ ಅಂತ ಪಕ್ಕಕ್ಕೆ ಸರಿಸಿದರು.

ಮೂವತ್ತು ವರ್ಷ 'ಇಲ್ಲ'ವೇ ಪಾಠವಾಯಿತು. ಇಪ್ಪತ್ತು ವರ್ಷ ಯಾವ ಯಂತ್ರವೂ ಮಂಗಳದ ನೆಲ ಮುಟ್ಟಿ ಕೆಲಸ ಮಾಡಲಿಲ್ಲ.

2008ರ ಮೇ 25ರಂದು ಫೀನಿಕ್ಸ್ ಅನ್ನುವ ಯಂತ್ರ ಮಂಗಳದ ಉತ್ತರದ ತುದಿಯ ಕಡೆ ಇಳಿಯಿತು. ಇದು ಮಣ್ಣನ್ನು ಸುಡುವುದರ ಜೊತೆಗೆ ನೀರಿನಲ್ಲಿ ಕಲಸಿಯೂ ನೋಡಿತು. ನಮ್ಮ ಅವ್ವಂದಿರು ಉಪ್ಪಿನ ಕೈ ನೋಡೋ ಹಾಗೆ. ನೀರಿನಲ್ಲಿ ಕರಗಿ ಬಂದದ್ದು ಪರ್ಕ್ಲೋರೇಟ್ ಅನ್ನುವ ಉಪ್ಪು, ಮಣ್ಣಿನಲ್ಲಿ ಹತ್ತಿರ ಹತ್ತಿರ ಶೇಕಡಾ ಅರ್ಧದಷ್ಟು. ಪಟಾಕಿಗೆ, ರಾಕೆಟ್ಟಿನ ಇಂಧನಕ್ಕೆ ಹಾಕುವ ಉಪ್ಪಿನ ಜಾತಿ ಇದು. ತಣ್ಣಗಿದ್ದಾಗ ಪಾಪದ ಪ್ರಾಣಿ. ಕಾಯಿಸಿದಿರೋ, ಆಮ್ಲಜನಕ ಬಿಟ್ಟು ಅಕ್ಕಪಕ್ಕದ ಇಂಗಾಲವನ್ನೆಲ್ಲಾ ಸುಟ್ಟು ಹೊಗೆ ಮಾಡಿಬಿಡುತ್ತೆ.

ಈಗ ವೈಕಿಂಗಿನ ಒಲೆ ನೆನಪಿಸಿಕೊಳ್ಳಿ. 500 ಡಿಗ್ರಿ.

ಮೆಕ್ಸಿಕೋ ದೇಶದ ರಫೇಲ್ ನವಾರೊ ಗೊನ್ಸಾಲೆಸ್ ಎಂಬ ವಿಜ್ಞಾನಿಗೆ ಈ ಒಲೆಯ ಮೇಲೆ ಮುಂಚಿನಿಂದಲೂ ಅನುಮಾನ. ಅಂಟಾರ್ಕ್ಟಿಕದ ಒಣ ಕಣಿವೆ, ಚಿಲಿ ದೇಶದ ಅಟಕಾಮಾ ಮರುಭೂಮಿ, ಇಂಥ ಕಡೆಯ ಮಣ್ಣಿನಲ್ಲಿ ಇಂಗಾಲದ ಅಣುಗಳಿದ್ದರೂ ಆ ವಿಧಾನಕ್ಕೆ ಅವು ಕಾಣದೇ ಹೋಗಬಹುದು ಅಂತ 2006ರಲ್ಲೇ ತೋರಿಸಿದ್ದರು. ಅಂದರೆ ಈ ಭೂಮಿಯ ಮಣ್ಣಿಗೇ ಆ ಯಂತ್ರ 'ಇಲ್ಲ' ಅಂದುಬಿಡಬಹುದು! ಪರ್ಕ್ಲೋರೇಟ್ ಸಿಕ್ಕಮೇಲೆ ಅವರ ತಂಡ ಅಟಕಾಮಾದ ಮಣ್ಣಿಗೆ ಅದೇ ಉಪ್ಪನ್ನು ಬೆರೆಸಿ ಕಾಯಿಸಿತು. ಮಣ್ಣಿನ ಇಂಗಾಲ ಹೆಚ್ಚೂಕಡಿಮೆ ಪೂರ್ತಿ ಸುಟ್ಟುಹೋಯಿತು. ಉಳಿದ ಚೂರುಪಾರು ಏನು ಗೊತ್ತಾ? ಕ್ಲೋರೋಮೀಥೇನ್. ಡೈಕ್ಲೋರೋಮೀಥೇನ್. 2010ರಲ್ಲಿ ಇದನ್ನು ಪ್ರಕಟಿಸಿದರು.

ಇದ್ದದ್ದನ್ನು ಒಲೆಯೇ ಸುಟ್ಟಿರಬಹುದು. ಸುಟ್ಟು ನೋಡಿ ಇಲ್ಲ ಅಂದರು. ಕೊಳೆ ಅಂತ ಎಸೆದದ್ದೇ ಸಾಕ್ಷಿಯಾಗಿದ್ದಿರಬಹುದು.

'ಇರಬಹುದು' ಅಂತಲೇ ಬರೀತಿದ್ದೀನಿ, ಗಮನಿಸಿ. ಬೀಮನ್ ಇದನ್ನು ಒಪ್ಪಲಿಲ್ಲ, ಎದುರು ವಾದ ಹೂಡಿದರು. ಜಗಳ ಪೂರ್ತಿ ಮುಗಿದಿಲ್ಲ. ಇಂಗಾಲದ ಅಣು ಸಿಕ್ಕಿದರೂ ಅದು ಜೀವ ಅಲ್ಲ. ಉಲ್ಕೆಯ ಕಲ್ಲಿನಲ್ಲೂ ಇಂಗಾಲದ ಅಣುಗಳು ಬರುತ್ತವೆ. ಲೆವಿನ್ನರ ಅನಿಲ ಜೀವದ ಉಸಿರು ಅಂತ ಇವತ್ತೂ ಬಹುಪಾಲು ವಿಜ್ಞಾನಿಗಳು ಒಪ್ಪಿಲ್ಲ. ನನ್ನ ಮಾತು ಅದಲ್ಲ. 'ಇಲ್ಲ' ಅಂತ ತೀರ್ಪು ಕೊಡೋ ಮೊದಲು ನಿನ್ನ ಒಲೆ ಎಂಥದ್ದು ನೋಡಿಕೋ, ಇಷ್ಟೇ ನನ್ನ ಮಾತು.

ಯಾಕೆ ಇದು ನನ್ನನ್ನು ಇಷ್ಟು ಕಾಡುತ್ತೆ ಹೇಳ್ತೀನಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಶಾಲೆಗೆ ತನಿಖೆಯ ಸಾಹೇಬರು ಬಂದರು. ನಾವು ನಾಲ್ಕು ಹುಡುಗರು ಬಾಗಿಲ ಹತ್ತಿರ ಕೂರುತ್ತಿದ್ದವರು. ಎಬ್ಬಿಸಿ ನಿಲ್ಲಿಸಿ, ಅಪ್ಪನ ಹೆಸರು ಕೇಳಿ, ಕೇರಿ ಕೇಳಿ, ಆಮೇಲೆ ಹದಿನಾರರ ಮಗ್ಗಿ ಕೇಳಿದರು. ನಾಲಗೆ ಒಣಗಿ ಅಂಗಳಕ್ಕೆ ಅಂಟಿಕೊಂಡಿತು. 'ಇವಕ್ಕೆ ತಲೆಗೆ ಹತ್ತೋದಿಲ್ಲ' ಅಂದರು, ನಮ್ಮ ಮುಂದೆಯೇ. ಅವತ್ತು ಸಂಜೆ ಧಣಿಗಳ ತೋಟದಲ್ಲಿ ಸಾವಿರದ ಮೇಲೆ ತೆಂಗಿನಕಾಯಿಯನ್ನು ಐದೈದರ ಗುಂಪು ಮಾಡಿ ಎಣಿಸಿ, ನಮ್ಮಪ್ಪನ ಕೂಲಿ ಎಷ್ಟು ಬಾಕಿ ಅಂತ ಬಾಯಲ್ಲೇ ಲೆಕ್ಕ ಹೇಳಿದವನು ನಾನೇ. ಲೆಕ್ಕ ತಲೆಯಲ್ಲಿತ್ತು ಸ್ವಾಮಿ. ಸಾಹೇಬರ ಒಲೆ ಅದನ್ನು ಸುಟ್ಟಿತ್ತು.

ಪ್ರತಿಭೆ, ಯೋಗ್ಯತೆ ಅಂತ ಬಾಯಿಬಡಿದುಕೊಳ್ಳುವ ಪಟ್ಟಭದ್ರರೆಲ್ಲಾ ಈ ಒಲೆಯ ಒಡೆಯರೇ. ಸಂದರ್ಶನದ ಕೋಣೆಯಲ್ಲಿ ಕಾಯಿಸ್ತಾರೆ, 'ನಾವು ಹುಡುಕಿದೆವು, ಅರ್ಹರು ಸಿಗಲಿಲ್ಲ' ಅಂತ ಷರಾ ಬರೀತಾರೆ. ಆದರೆ ಒಂದು ವ್ಯತ್ಯಾಸ ನೋಡಿ. ಮಂಗಳದ ವಿಷಯದಲ್ಲಿ ವಿಜ್ಞಾನಿಗಳು ಮೂವತ್ತು ವರ್ಷದ ಮೇಲೂ ಹಿಂದಕ್ಕೆ ಹೋಗಿ ತಮ್ಮದೇ ಒಲೆಯನ್ನು ಅನುಮಾನಿಸಿದರು. 2018ರಲ್ಲಿ ವೈಕಿಂಗಿನ ಹಳೇ ದಾಖಲೆಗಳನ್ನೇ ಮತ್ತೆ ತೆಗೆದು ನೋಡಿದವರಿಗೆ ಅದರೊಳಗೆ ಕ್ಲೋರೋಬೆಂಜೀನ್ ಅನ್ನುವ ಇನ್ನೊಂದು ಅಣುವಿನ ಗುರುತು ಕಂಡಿತು. ನಮ್ಮ ಸಮಾಜದ ಪರೀಕ್ಷಕರು ಎಷ್ಟು ಸಾವಿರ ವರ್ಷದ ದಾಖಲೆ ತೆಗೆದು ನೋಡಬೇಕು? ಯಾವತ್ತಾದರೂ ಒಬ್ಬ, ಒಬ್ಬನಾದರೂ, ನಮ್ಮ ಒಲೆಯಲ್ಲೇ ದೋಷ ಇತ್ತು ಅಂತ ಬರೆದಿದ್ದಾನಾ?

ಒಲೆಯ ದೋಷ ಗೊತ್ತಾದಮೇಲೆ ಏನಾಯ್ತು ಅದನ್ನೂ ಕೇಳಿ. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ಎಂಬ ಗಾಡಿ ಗೇಲ್ ಎಂಬ ದೊಡ್ಡ ಕುಳಿಯಲ್ಲಿ ಇಳಿಯಿತು. 2013ರಲ್ಲಿ ಅಲ್ಲಿಯ ಕೆಸರುಗಲ್ಲನ್ನು ಕೊರೆದು ಪುಡಿ ತೆಗೆಯಿತು. ಮೇಲೆ ಕೆಂಪು, ಒಳಗೆ ಬೂದು. ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಅದೊಂದು ಕೆರೆಯ ತಳ. ಜೇಡಿಮಣ್ಣು ಸಿಕ್ಕಿತು. ಗಂಧಕ, ಸಾರಜನಕ, ಜಲಜನಕ, ಆಮ್ಲಜನಕ, ರಂಜಕ, ಇಂಗಾಲ, ಆರೂ ಸಿಕ್ಕವು. ಆ ನೀರು ಹುಳಿಯಲ್ಲ, ಹೆಚ್ಚು ಉಪ್ಪಲ್ಲ. ಅವತ್ತು ಯಾರಾದರೂ ಅಲ್ಲಿದ್ದಿದ್ದರೆ ಕುಡಿಯಬಹುದಾಗಿತ್ತು ಅಂತ ಆ ತಂಡದ ಮುಖ್ಯಸ್ಥರಾಗಿದ್ದ ಜಾನ್ ಗ್ರೋಟ್ಸಿಂಗರ್ ಹೇಳಿದರು. ಅದೇ ಜಾಗದ ಪುಡಿಯಲ್ಲಿ ಮಂಗಳದ್ದೇ ಆದ ಕ್ಲೋರೋಬೆಂಜೀನ್ ಇದೆ ಅಂತ 2015ರಲ್ಲಿ ಪ್ರಕಟವಾಯಿತು. 2025ರಲ್ಲಿ ಅದೇ ಪುಡಿಯಲ್ಲಿ ಹತ್ತು, ಹನ್ನೊಂದು, ಹನ್ನೆರಡು ಇಂಗಾಲ ಸರಪಣಿ ಹಿಡಿದ ಉದ್ದನೆಯ ಅಣುಗಳೂ ಸಿಕ್ಕವು ಅಂತ ಹೇಳಿದರು. ಕೊಬ್ಬಿನ ಆಮ್ಲಗಳು ಮುರಿದಾಗ ಬರುವಂಥವು. ಜೀವದಿಂದಲೂ ಬರಬಹುದು, ಜೀವ ಇಲ್ಲದೆಯೂ ಬರಬಹುದು.

ಆ ಆರು ಧಾತುಗಳ ಹೆಸರನ್ನು ಶಾಲೆಯಲ್ಲಿ ಮಕ್ಕಳ ಕೈಲಿ ಬಾಯಿಪಾಠ ಮಾಡಿಸ್ತೀವಲ್ಲ, ಅಲ್ಲೇ ನಿಲ್ಲಿಸಬೇಡಿ ಮೇಷ್ಟ್ರೇ. ತಲೆಯಿಂದ ಹುಟ್ಟಿದವನ ಮೈಯಲ್ಲೂ ಅದೇ ಆರು, ಪಾದದಿಂದ ಹುಟ್ಟಿದ ಅಂತ ಹೇಳಿಸಿಕೊಂಡವನ ಮೈಯಲ್ಲೂ ಅದೇ ಆರು, ಮಂಗಳದ ಕೆರೆಯ ತಳದಲ್ಲೂ ಅದೇ ಆರು. ಏಳನೆಯದು ಯಾವ ಗ್ರಹದಲ್ಲಿ ಸಿಕ್ಕಿತ್ತಂತೆ, ಕೇಳಿ.

ಇನ್ನು ನಮ್ಮವರು ಮಂಗಳಕ್ಕೆ ಕೊಟ್ಟ ಗೌರವ ನೋಡಿ. ಮಂಗಳ ಕೆಂಪಗಿರೋದು ತುಕ್ಕಿನಿಂದ, ಕಬ್ಬಿಣದ ತುಕ್ಕು. ಆ ತುಕ್ಕಿಗೆ ಹೆದರಿ ಹೆಣ್ಣುಮಕ್ಕಳ ಮದುವೆ ನಿಲ್ಲಿಸ್ತಾರೆ. ಕುಜದೋಷ ಅಂತೆ. ಹುಡುಗಿಯನ್ನು ಬಾಳೆಗಿಡಕ್ಕೆ ಕಟ್ಟಿ ದೋಷ ಕಳೀತಾರಂತೆ. ನಮ್ಮ ಅವ್ವಂದಿರಿಗೆ ಈ ಕಾಯಿಲೆ ಇರಲಿಲ್ಲ. ಹುಟ್ಟಿದ ದಿನವನ್ನೇ ಬರೆದಿಡದವರಿಗೆ ಜಾತಕ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದರೆ ಅದೇ ಹುಟ್ಟುಹಬ್ಬ. ಈಗ ನಮ್ಮಲ್ಲೂ ನಾಲ್ಕು ಜನಕ್ಕೆ ಸಂಬಳ ಬಂತು, ಸಂಬಳದ ಹಿಂದೆಯೇ ಕುಜನೂ ಬಂದ. ಆ ಸುಳ್ಳು ಜೂನ್ 1ನ್ನೇ ಇಟ್ಟುಕೊಂಡು ಜಾತಕ ಬರೆಸುವ ನೌಕರರನ್ನು ನಾನು ಕಣ್ಣಾರೆ ಕಂಡಿದ್ದೀನಿ. ಪುರೋಹಿತಶಾಹಿ ಹೊಸ್ತಿಲ ಆಚೆ ನಿಂತಿದ್ದಾಗ ಬೈದೆವು. ಈಗ ಒಳಗೆ ಕರೆದು ಚಾಪೆ ಹಾಸುತ್ತಿದ್ದೇವೆ.

ಸಾಮಾನ್ಯರ ಮಾತು ಬಿಡಿ. 2013ರ ನವೆಂಬರ್ 5ರಂದು, ಅದೂ ಮಂಗಳವಾರ, ಇಸ್ರೋದ ಮಂಗಳಯಾನ ಹೊರಟಿತು. ಬೆಂಗಳೂರಿನ ಎಷ್ಟೋ ಜನರ ದುಡಿಮೆ ಅದರಲ್ಲಿದೆ. 450 ಕೋಟಿ ರೂಪಾಯಿಯಲ್ಲಿ ಮಾಡಿದ ಕೆಲಸ, ಮೆಚ್ಚಲೇಬೇಕು. 2014ರ ಸೆಪ್ಟೆಂಬರ್ 24ಕ್ಕೆ ಮಂಗಳದ ಸುತ್ತ ಸೇರಿತು, 2022ರವರೆಗೆ ಬದುಕಿತ್ತು. ಆದರೆ ಹೊರಡುವ ಹಿಂದಿನ ದಿನ ಆಗಿನ ಅಧ್ಯಕ್ಷರು ಅದರ ಪ್ರತಿಕೃತಿಯನ್ನು ತಿರುಪತಿಗೆ ಒಯ್ದು ಪೂಜೆ ಮಾಡಿಸಿದರು. ಇದು ಮೂಢನಂಬಿಕೆ ಅಂತ ಬಹಿರಂಗವಾಗಿ ಹೇಳಿದವರು ಸಿ.ಎನ್.ಆರ್. ರಾವ್. ಆ ನೌಕೆಯಲ್ಲಿ ಮೀಥೇನ್ ಅನಿಲ ಹುಡುಕುವ ಉಪಕರಣ ಇತ್ತು. ಮೀಥೇನ್ ಜೀವದಿಂದಲೂ ಬರುತ್ತೆ, ಕಲ್ಲು ನೀರಿನ ರಸಾಯನದಿಂದಲೂ ಬರುತ್ತೆ. ಅದು ಮೀಥೇನ್ ಬಗ್ಗೆ ತೀರ್ಪು ಕೊಡಲಾಗಲಿಲ್ಲ. ಇದು ನಾಚಿಕೆಯ ವಿಷಯ ಅಲ್ಲವೇ ಅಲ್ಲ, ವೈಕಿಂಗೂ ಎಡವಿದೆ. ನಾಚಿಕೆ ಯಾವುದು ಅಂದರೆ, ಹಾರಿದ್ದನ್ನು ಮಕ್ಕಳಿಗೆ ಕುಣಿದು ಹೇಳಿದೆವು, ಸಿಗದೇ ಹೋದದ್ದನ್ನು ಹೇಳಲಿಲ್ಲ. ಸೋಲನ್ನು ಹೇಳದ ವಿಜ್ಞಾನ ಪೂಜೆಯಾಗುತ್ತೆ.

ವೈಕಿಂಗ್ ಇಳಿದ ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅವರು ಕೇಳಿದ್ದೂ ಲೆವಿನ್ ಕೇಳಿದ್ದೂ ಒಂದೇ: ತಾಳೆ ನೋಡೋಣ ಬನ್ನಿ. ಮಂಗಳದ ಮಣ್ಣು ಪರೀಕ್ಷೆಗೆ ಒಪ್ಪಿತು. ಪವಾಡದವರು ಒಪ್ಪಲಿಲ್ಲ.

ಎದುರು ದಿಕ್ಕಿನ ಮೂಢರೂ ಇದ್ದಾರೆ. 'ಜೀವ ಸಿಕ್ಕೇಬಿಟ್ಟಿತು' ಅಂತ ಕೂಗುವವರು. 1996ರಲ್ಲಿ ಮಂಗಳದಿಂದ ಬಂದ ಉಲ್ಕೆಯೊಂದರಲ್ಲಿ ಜೀವದ ಕುರುಹು ಸಿಕ್ಕಿತು ಅಂತ ಅಮೆರಿಕದ ಅಧ್ಯಕ್ಷರೇ ಬಂದು ಮಾತಾಡಿದರು. ಆಮೇಲೆ ಒಂದೊಂದೇ ಕುರುಹಿಗೂ ಜೀವ ಇಲ್ಲದ ಕಾರಣ ಸಿಕ್ಕಿತು. 2024ರ ಜುಲೈನಲ್ಲಿ ಪರ್ಸಿವರೆನ್ಸ್ ಗಾಡಿ ಜೆಜೆರೋ ಕುಳಿಯಲ್ಲಿ ಚಿರತೆ ಮೈಯಂಥ ಚುಕ್ಕೆಗಳಿರುವ ಕಲ್ಲು ಕಂಡಿತು. ಕಬ್ಬಿಣ, ರಂಜಕ, ಗಂಧಕ ಸೇರಿದ ಖನಿಜಗಳು, ಜೊತೆಗೆ ಇಂಗಾಲ. ಭೂಮಿಯ ಕೆಸರಿನಲ್ಲಿ ಇಂಥ ಚುಕ್ಕೆಯನ್ನು ಸೂಕ್ಷ್ಮಜೀವಿಗಳು ಮಾಡುವುದುಂಟು. 2025ರ ಸೆಪ್ಟೆಂಬರಿನಲ್ಲಿ ಬರೆದ ವಿಜ್ಞಾನಿಗಳು 'ಜೀವದ ಕುರುಹು ಇರಬಹುದು, ಇನ್ನೂ ಪರೀಕ್ಷೆ ಬೇಕು' ಅಂತಷ್ಟೇ ಬರೆದರು. ಆ ಕಲ್ಲಿನ ತುಂಡು ಕೊಳವೆಯಲ್ಲಿ ಮುಚ್ಚಿಟ್ಟು ಮಂಗಳದಲ್ಲೇ ಇದೆ. ಭೂಮಿಗೆ ತರುವ ಯೋಜನೆ ಹಣದ ಜಗಳದಲ್ಲಿ ಸಿಕ್ಕಿಕೊಂಡಿತು. ಜಗತ್ತಿನ ಅತಿ ದೊಡ್ಡ ಪ್ರಶ್ನೆಗೂ ಯಜಮಾನರ ಖಜಾನೆಯ ಅಪ್ಪಣೆ ಬೇಕು.

ಇನ್ನೊಂದು ಮಾತು, ಮಡಿಯ ಬಗ್ಗೆ. ವೈಕಿಂಗನ್ನು ಕಳಿಸುವ ಮುಂಚೆ ಇಡೀ ಯಂತ್ರವನ್ನು ಸುಮಾರು 112 ಡಿಗ್ರಿ ಶಾಖದಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಬೇಯಿಸಿದರು. ಯಾಕೆ? ನಮ್ಮ ರೋಗಾಣು ಅಲ್ಲಿಗೆ ಅಂಟಬಾರದು ಅಂತ. 1967ರ ಬಾಹ್ಯಾಕಾಶ ಒಪ್ಪಂದದಲ್ಲೇ ಆ ನಿಯಮದ ಬೇರಿದೆ. ಇವತ್ತಿಗೂ ಮಂಗಳದಲ್ಲಿ ಜೀವ ಇರಬಹುದಾದ ತೇವದ ಜಾಗಗಳಿಗೆ ಗಾಡಿಗಳು ಸುಮ್ಮನೆ ನುಗ್ಗುವಂತಿಲ್ಲ. ಇದೂ ಮಡಿಯೇ. ಆದರೆ ತಿರುಗುಮುರುಗು. ಇಲ್ಲಿ ಮೀಯಬೇಕಾದವನು ಬಲ ಇರುವವನು, ಹೊರಗಿನಿಂದ ನುಗ್ಗಿ ಬರುವವನು. ಅಲ್ಲಿ ಇರಬಹುದಾದ ಕಣ್ಣಿಗೂ ಕಾಣದ ಜೀವಕ್ಕೆ ತೊಂದರೆಯಾಗಬಾರದು ಅಂತ ಈ ಮಡಿ. ನಮ್ಮೂರ ಮಡಿ ಬಾವಿ ಕಟ್ಟೆಯಿಂದ ಮನುಷ್ಯನನ್ನು ಓಡಿಸಿತು. ಇರುವ ಜೀವವನ್ನೇ ಇಲ್ಲ ಅಂದಿತು. ಇದೆಯೋ ಇಲ್ಲವೋ ಗೊತ್ತಿಲ್ಲದ ಹುಳಕ್ಕೆ ಸಿಕ್ಕ ಮರ್ಯಾದೆ ಎದುರಿಗೆ ನಿಂತ ಮನುಷ್ಯನಿಗೆ ಸಿಗಲಿಲ್ಲ.

ಈಗ ನಕ್ಕ ಗೆಳೆಯರಿಗೆ ಉತ್ತರ. ಮಂಗಳಕ್ಕೆ ನೌಕೆ ಕಳಿಸುವ ದೇಶ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುತ್ತೆ ಅಂತ ನೀವು ಹೇಳ್ತೀರಿ. ನಿಜ. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು, ಆದರೂ ಇಳಿಸುತ್ತೆ, ಆದರೂ ಸಾಯ್ತಾರೆ. ಆದರೆ ಅದು ಯಂತ್ರ ಇಲ್ಲದ ಬಡತನ ಅಲ್ಲ. 1976ರಲ್ಲೇ ಕೋಟ್ಯಂತರ ಮೈಲಿ ದೂರದಲ್ಲಿ ಮನುಷ್ಯನ ಕೈ ಸೋಕದೆ ಮಣ್ಣು ಬಾಚುವ ಕೈ ಇತ್ತು. ಇಲ್ಲದೇ ಇದ್ದದ್ದು ಮನಸ್ಸು. ಹಾಗಾಗಿ 'ಅಲ್ಲಿಗೆ ಯಾಕೆ ಹೋದಿರಿ' ಅಂತ ಕೇಳಬೇಡಿ. 'ಆ ಕೈ ಇಲ್ಲಿಗೆ ಯಾಕೆ ಬರಲಿಲ್ಲ' ಅಂತ ಕೇಳಿ. ಮೊದಲನೇ ಪ್ರಶ್ನೆಗೆ ಅವರು ದೇಶಭಕ್ತಿ ತೋರಿಸಿ ತಪ್ಪಿಸಿಕೊಳ್ತಾರೆ. ಎರಡನೆಯದಕ್ಕೆ ಉತ್ತರ ಇಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳಿ ಮುಗಿಸ್ತೀನಿ. ಲೆವಿನ್ನರ ಪ್ರಯೋಗವನ್ನು ನಿಮ್ಮ ಶಾಲೆಯಲ್ಲೇ ಮಾಡಬಹುದು, ಖರ್ಚು ಹತ್ತಿಪ್ಪತ್ತು ರೂಪಾಯಿ. ಬಿಗಿ ಮುಚ್ಚಳದ ಮೂರು ಅಗಲ ಬಾಯಿಯ ಬಾಟಲಿ ತಗೊಳ್ಳಿ. ಒಂದಕ್ಕೆ ಎರಡು ಹಿಡಿ ಮಣ್ಣು. ಇನ್ನೊಂದಕ್ಕೆ ಅದೇ ಮಣ್ಣು, ಹಂಚಿನ ಮೇಲೆ ಒಂದು ಗಂಟೆ ಹುರಿದು, ಮುಚ್ಚಿಟ್ಟು ಆರಿಸಿದ್ದು. ಮೂರನೆಯದು ಖಾಲಿ. ಕುದಿಸಿ ಆರಿಸಿದ ಬೆಲ್ಲದ ನೀರನ್ನು ಮೂರಕ್ಕೂ ಎರಡೆರಡು ಚಮಚ ಹಾಕಿ. ಎಲೆಯಡಿಕೆಯ ಸುಣ್ಣವನ್ನು ನೀರಲ್ಲಿ ಕಲಕಿ, ತಿಳಿಯನ್ನು ಸೋಸಿ, ಪುಟ್ಟ ಬಟ್ಟಲಿನಲ್ಲಿ ಒಂದೊಂದರ ಒಳಗೂ ಇಟ್ಟು ಬಿಗಿಯಾಗಿ ಮುಚ್ಚಿ. ಸುಣ್ಣದ ನೀರು ಮಕ್ಕಳ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಎರಡು ಮೂರು ದಿನ ಬಿಟ್ಟು ಬನ್ನಿ. ಹಸಿ ಮಣ್ಣಿನ ಬಾಟಲಿಯಲ್ಲಿ ಸುಣ್ಣದ ತಿಳಿ ಹಾಲಿನ ಹಾಗೆ ಬಿಳಿಚಿಕೊಂಡಿರುತ್ತೆ. ಮಣ್ಣು ಉಸಿರಾಡಿದೆ. ಹುರಿದ ಮಣ್ಣಲ್ಲೂ ಒಂಚೂರು ಬಿಳಿ ಬಂದರೆ ಮುಚ್ಚಿಡಬೇಡಿ. ಯಾಕೆ ಬಂತು ಅಂತ ಮಕ್ಕಳನ್ನೇ ಕೇಳಿ. ಪಾಠ ಶುರುವಾಗೋದು ಅಲ್ಲಿಂದ.

ಮಣ್ಣನ್ನು ಒಂದೇ ಕಡೆಯಿಂದ ತರಬೇಡಿ. ಅಗ್ರಹಾರದ ಹಿತ್ತಲಿಂದ ಒಂದು ಹಿಡಿ, ಗುಡಿ ಮುಂದಿನ ಕಟ್ಟೆಯಿಂದ ಒಂದು ಹಿಡಿ, ಕೇರಿಯ ಬಚ್ಚಲ ಪಕ್ಕದಿಂದ ಒಂದು ಹಿಡಿ ತರಿಸಿ. ಬೇರೆ ಬೇರೆ ಬಾಟಲಿಗೆ ಹಾಕಿ. ಯಾವುದು ಯಾವ ಕಡೆಯದು ಅಂತ ಚೀಟಿಯನ್ನು ಬಾಟಲಿಯ ತಳಕ್ಕೆ ಅಂಟಿಸಿಡಿ. ಮೂರನೇ ದಿನ ಬಿಳುಪು ನೋಡಿ ಯಾವುದು ಯಾರ ಮಣ್ಣು ಅಂತ ಹೇಳಿ ಅನ್ನಿ. ಊರ ಹಿರಿಯರನ್ನೂ ಕರೆಸಿ, ಅವರೂ ಹೇಳಲಿ. ಆಮೇಲೆ ಚೀಟಿ ತಿರುಗಿಸಿ.